ಎಂಡೋಸ್ಕೋಪಿ ನಾರ್ಮಲ್, ಆದರೂ ಮಲ ಕಪ್ಪು

ಸಿರೋಸಿಸ್ (ಲಿವರ್ ಗಟ್ಟಿಯಾಗುವ) ಕಾಯಿಲೆಯವರನ್ನು ವಾರ್ಡಿನಲ್ಲಿ ದಿನಾ ನೋಡುವವನಾಗಿ ಅವರ ಮನೆಯವರಿಗೆ ಒಂದು ಮಾತು ಹೇಳಬೇಕಿದೆ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿದೆ. ಹಿಮೋಗ್ಲೋಬಿನ್ ಇಳಿಯುತ್ತಿದೆ. ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಮಾಡಿಸಿದರೆ ರಕ್ತ ಸೋರುವ ಜಾಗ ಕಾಣಲಿಲ್ಲ ಅಂತ ರಿಪೋರ್ಟ್ ಬರುತ್ತದೆ. 'ಸದ್ಯ, ಏನೂ ಇಲ್ವಂತೆ' ಅಂದುಕೊಂಡು ಡಿಸ್ಚಾರ್ಜ್ ಕೇಳಬೇಡಿ. ರಕ್ತ ಎಲ್ಲಿಂದಲೋ ಹೋಗುತ್ತಲೇ ಇದೆ, ಜಾಗ ಸಿಕ್ಕಿಲ್ಲ ಅಷ್ಟೇ. (ಕಬ್ಬಿಣದ ಮಾತ್ರೆ ನುಂಗಿದರೂ ಮಲ ಕಪ್ಪಾಗುತ್ತದೆ ನಿಜ. ಆದರೆ ಅದಕ್ಕೆ ಆ ಅಂಟು, ಆ ಕೆಟ್ಟ ವಾಸನೆ ಇರುವುದಿಲ್ಲ.)

ಕರುಳಿನ ರಕ್ತವೆಲ್ಲ ಪೋರ್ಟಲ್ ರಕ್ತನಾಳದ ಮೂಲಕ ಲಿವರಿಗೆ ಬರಬೇಕು. ಲಿವರ್ ಗಟ್ಟಿಯಾದಾಗ ಆ ದಾರಿ ಕಟ್ಟಿಕೊಳ್ಳುತ್ತದೆ. ತೂಬು ಮುಚ್ಚಿದ ಕಾಲುವೆಯ ನೀರು ಬದು ಸಡಿಲ ಇದ್ದ ಕಡೆ ನುಗ್ಗುತ್ತದಲ್ವಾ, ಹಾಗೇ ರಕ್ತವೂ ಬೇರೆ ದಾರಿ ಹುಡುಕುತ್ತದೆ. ಜಾಸ್ತಿ ಜನರಲ್ಲಿ ಅನ್ನನಾಳ, ಇಲ್ಲವೇ ಜಠರದ ನಾಳಗಳು ಉಬ್ಬುತ್ತವೆ. ಹಾಗಾಗಿ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ನೂರು ಜನರಿಗೆ ಹೀಗೆ ಉಬ್ಬಿದ ನಾಳ ಒಡೆದು ರಕ್ತಸ್ರಾವ ಆದರೆ ಸುಮಾರು 1ರಿಂದ 5 ಜನರಲ್ಲಿ ಅದು ಬೇರೆಲ್ಲೋ ಇರುತ್ತದೆ. ಸಣ್ಣ ಕರುಳೂ ಅಂಥ ಒಂದು ಜಾಗ. ಹಿಂದೆ ಹೊಟ್ಟೆಯ ಆಪರೇಷನ್ ಆಗಿ ಕರುಳು ಅಂಟಿಕೊಂಡಿದ್ದರೆ ಅಲ್ಲೇ ನಾಳ ಉಬ್ಬುವುದು ಹೆಚ್ಚು. ಆದ್ದರಿಂದ 'ಅದೆಲ್ಲ ಯಾವ ಕಾಲದ್ದೋ ಆಪರೇಷನ್ನು ಬಿಡಿ ಡಾಕ್ಟ್ರೇ' ಅನ್ನಬೇಡಿ. ಇಪ್ಪತ್ತು ವರ್ಷದ ಹಳೇ ಹೊಲಿಗೆಯ ಗುರುತಾದರೂ ತೋರಿಸಿ.

ಎಂಡೋಸ್ಕೋಪಿಯ ಕೊಳವೆ ಸಾಮಾನ್ಯವಾಗಿ ಸಣ್ಣ ಕರುಳಿನ ಮೊದಲ ತುಂಡಾದ ಡ್ಯುಯೋಡಿನಮ್‌ನ ಎರಡನೇ ಭಾಗದವರೆಗೆ ಹೋಗುತ್ತದೆ. ಅದರಾಚೆ ಕರುಳು ಮೀಟರುಗಟ್ಟಲೆ ಉಳಿದೇ ಇರುತ್ತದೆ. ಅಲ್ಲಿಯದನ್ನು ನೋಡಲು ಕಾಂಟ್ರಾಸ್ಟ್ (ನಾಳಗಳು ಎದ್ದು ಕಾಣಿಸುವ ದ್ರವ) ಹಾಕಿ ಸಿಟಿ ಆಂಜಿಯೋಗ್ರಾಂ ಮಾಡಬೇಕು, ರಕ್ತನಾಳಗಳ ನಕ್ಷೆಯೇ ಸಿಕ್ಕಿಬಿಡುತ್ತದೆ. ರೋಗಿ ಸ್ಥಿರವಾಗಿದ್ದರೆ ಕ್ಯಾಮೆರಾ ಇರುವ ಗುಳಿಗೆ ನುಂಗಿಸುವ ಕ್ಯಾಪ್ಸೂಲ್ ಎಂಡೋಸ್ಕೋಪಿಯೂ ಉಂಟು. 'ಕೊಳವೆ ಎಲ್ಲಿವರೆಗೆ ಹೋಯ್ತು? ಸಿಟಿ ಆಂಜಿಯೋಗ್ರಾಂ ಬೇಕಾ?' ಅಂತ ಕೇಳಿ. ಡಾಕ್ಟರಿಗೆ ಸಿಟ್ಟು ಬರುತ್ತೆ ಅಂತ ಹೆದರಬೇಡಿ, ಬಂದರೆ ಬರಲಿ.

ಜಾಗ ಸಿಗುವವರೆಗೂ ಮದ್ದು ಕಾಯುವುದಿಲ್ಲ. ಆ ನಾಳಗಳ ಒತ್ತಡ ಇಳಿಸುವ ಟೆರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೋಟೈಡ್ ಶುರು ಮಾಡುತ್ತೇವೆ, ಸೋಂಕು ತಗುಲದಂತೆ ಸೆಫ್ಟ್ರಿಯಾಕ್ಸೋನ್ ಕೊಡುತ್ತೇವೆ. ಇನ್ನು ರಕ್ತ ಏರಿಸುವ ವಿಷಯ. 'ಇನ್ನೆರಡು ಬಾಟಲ್ ಹಾಕ್ಸಿ ಸರ್' ಅಂತ ಎಲ್ಲರೂ ಬೇಡಿಕೊಳ್ಳುತ್ತಾರೆ. ಆದರೆ ಹಿಮೋಗ್ಲೋಬಿನ್ 7–8ರ ಹತ್ತಿರ ಇದ್ದರೆ ಸಾಮಾನ್ಯವಾಗಿ ಸಾಕು. ಅದಕ್ಕಿಂತ ಜಾಸ್ತಿ ಏರಿಸಿದರೆ ಆ ನಾಳಗಳಲ್ಲೇ ಒತ್ತಡ ಹೆಚ್ಚಿ ಮತ್ತೆ ಒಡೆಯಬಹುದು. ರಕ್ತ ಕೊಡಲಿಲ್ಲ ಅಂತ ಗಲಾಟೆ ಮಾಡುವ ಮೊದಲು ಇದು ಗೊತ್ತಿರಲಿ.

ಡ್ಯುಯೋಡಿನಮ್‌ನಲ್ಲೇ ನಾಳ ಸಿಕ್ಕಿದರೆ ಗ್ಲೂ ಇಂಜೆಕ್ಷನ್ ಹಾಕುತ್ತಾರೆ. ಅದು ಸಯನೋಅಕ್ರಿಲೇಟ್, ಮನೆಯ ಫೆವಿಕ್ವಿಕ್ ಜಾತಿಯದೇ ರಾಸಾಯನಿಕ. ರಕ್ತ ತಾಗಿದ ಕೂಡಲೇ ಗಟ್ಟಿಯಾಗುತ್ತದೆ. ಸೂಜಿ ಚುಚ್ಚಿದವರ ಕೈ ಒಂದು ಕ್ಷಣ ತಡವಾದರೆ ಸೂಜಿಯೇ ನಾಳಕ್ಕೆ ಅಂಟಿಕೊಳ್ಳಬಹುದು. ಒಳಗಿನದನ್ನು ಹೀರುವ ಸಕ್ಷನ್ ಒತ್ತಿದರೆ ಗ್ಲೂ ಒಳಗೆ ಹೋಗಿ ಲಕ್ಷಗಟ್ಟಲೆ ಬೆಲೆಯ ಸ್ಕೋಪ್ ಹಾಳು. ಗ್ಲೂ ಜಾರಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ. ಅನುಭವ ಇರುವವರು ಬೇಕು ಅನ್ನುವುದು ಇದಕ್ಕೇ. ಅನ್ನನಾಳದ ಉಬ್ಬಿದ ನಾಳಕ್ಕೆ ಬಿಗಿಯುವ ರಬ್ಬರ್ ಬ್ಯಾಂಡ್ ಇಲ್ಲಿಗೂ ಹಾಕಿದ್ದುಂಟು, ಆದರೆ ಈ ಕರುಳಿನ ಗೋಡೆ ತೆಳು. ನಾನಂತೂ ಗ್ಲೂ ಕಡೆಯೇ.

ಕೊಳವೆ ಮುಟ್ಟದ ಜಾಗವಾದರೆ ಇಂಟರ್‌ವೆನ್ಷನಲ್ ರೇಡಿಯಾಲಜಿಯವರ ಕೆಲಸ. ಕುತ್ತಿಗೆಯ ನಾಳದಿಂದ ತಂತಿ ಇಳಿಸಿ, ಲಿವರಿನೊಳಗೆ ಸ್ಟೆಂಟ್ ಕೂರಿಸಿ, ಪೋರ್ಟಲ್ ರಕ್ತಕ್ಕೆ ಅಡ್ಡದಾರಿ ಮಾಡಿಕೊಡುತ್ತಾರೆ. ಅದಕ್ಕೆ ಟಿಪ್ಸ್ ಅನ್ನುತ್ತಾರೆ. ಆ ಉಬ್ಬಿದ ನಾಳವನ್ನೂ ಜೊತೆಗೇ ಮುಚ್ಚಿಸುವುದು ಒಳ್ಳೆಯದು, ಯಾಕೆಂದರೆ ಬರೀ ಒತ್ತಡ ಇಳಿಸಿದರೂ ಕೆಲವರಿಗೆ ಮತ್ತೆ ರಕ್ತ ಬರುತ್ತದೆ. ಎಲ್ಲರ ಲಿವರೂ ಟಿಪ್ಸ್ ತಾಳುವುದಿಲ್ಲ. ಅಂಥವರಲ್ಲಿ ನಾಳಗಳ ನಕ್ಷೆ ಹೊಂದಿದರೆ ಬಲೂನಿನಿಂದ ಹರಿವು ತಡೆದು, ಉಬ್ಬಿದ ನಾಳವನ್ನು ಮದ್ದು ಹಾಕಿ ಮುಚ್ಚುವ ಬಿಆರ್‌ಟಿಒ ಎಂಬ ಇನ್ನೊಂದು ವಿಧಾನ ಇದೆ. ಈ ಸೌಲಭ್ಯ ಎಲ್ಲ ಊರಲ್ಲೂ ಇಲ್ಲ. ಹಾಗಾಗಿ ಆಂಬುಲೆನ್ಸ್ ಹತ್ತುವ ಮೊದಲೇ ಫೋನ್ ಮಾಡಿ, 'ಟಿಪ್ಸ್ ಮಾಡುವವರು ಇದ್ದಾರಾ?' ಅಂತ ವಿಚಾರಿಸಿ. ಮೂರು ಆಸ್ಪತ್ರೆ ಸುತ್ತಿ ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಬಿಪಿ ಇರುವುದಿಲ್ಲ.

ಟಿಪ್ಸ್ ಆದಮೇಲೆ ಮನೆಯಲ್ಲಿ ಒಂದು ಕಣ್ಣಿಡಬೇಕು. ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ತೊದಲುವುದು, ಚಾಚಿದ ಕೈ ಪಟಪಟ ಅಲುಗುವುದು ಕಂಡರೆ ತಕ್ಷಣ ತೋರಿಸಿ. ಲಿವರ್ ತೊಳೆಯಬೇಕಾದ ಕಸ ಮಿದುಳಿಗೆ ಏರಿರುತ್ತದೆ. ಅದಕ್ಕೇ ಲ್ಯಾಕ್ಟುಲೋಸ್ ಸಿರಪ್ ಕೊಡುವುದು. ದಿನಕ್ಕೆ ಎರಡು ಮೂರು ಸಲ ಮಲ ಸಡಿಲವಾಗಿ ಹೋಗಲೇಬೇಕು. 'ಭೇದಿ ಆಗ್ತಿದೆ' ಅಂತ ನೀವೇ ನಿಲ್ಲಿಸಬೇಡಿ.

ಕೊನೆಗೆ ಒಂದು ಸಿಟ್ಟಿನ ಮಾತು. ಸಿರೋಸಿಸ್ ಅಂದ ಕೂಡಲೇ 'ಕುಡಿತಾನಾ?' ಅಂತ ಎಲ್ಲರೆದುರು ಕೇಳುವ ಚಾಳಿ ನಮ್ಮ ಆಸ್ಪತ್ರೆಗಳಲ್ಲಿದೆ. ಹೆಪಟೈಟಿಸ್ ಬಿ, ಸಿ, ಫ್ಯಾಟಿ ಲಿವರ್ ಇಂದಲೂ ಇದು ಬರುತ್ತದೆ. ನಾಚಿಕೆಯಿಂದ ಮನೆಯವರು ಹಳೇ ಕಡತವನ್ನೇ ಬಚ್ಚಿಟ್ಟು ಬರುತ್ತಾರೆ. ಆ ಕಡತದಲ್ಲೇ ಹಳೇ ಸ್ಕ್ಯಾನ್, ಹಳೇ ಆಪರೇಷನ್ ವಿವರ ಎಲ್ಲ ಇರುತ್ತದೆ, ನಮಗೆ ಬೇಕಾದದ್ದು ಅದೇ.