ಸತ್ಯಾಂಶ: ರೊಟ್ಟಿ ಬಿಟ್ಟರೆ ಕೊಬ್ಬು ಕರಗುತ್ತದೆಯೇ?

‘ನಾಷ್ಟಾ ಬಿಡಿ, ರೊಟ್ಟಿ ಮುಟ್ಟಬೇಡಿ, ಬಿಸಿನೀರಿಗೆ ನಿಂಬೆ-ಜೇನು ಹಾಕಿ ಕುಡಿಯಿರಿ, ವಾರದಲ್ಲಿ 3 ಕೆಜಿ ಕೊಬ್ಬು ಕರಗುತ್ತದೆ.’ ವಿಜಯಪುರದ ಹಾಸ್ಟೆಲ್ ಹುಡುಗ-ಹುಡುಗಿಯರ ಮೊಬೈಲಿಗೂ ಬರುವ ಈ ಮಾತು ಸುಳ್ಳು.

ತೂಕ ಇಳಿಯಬಹುದು, ಆದರೆ ಮೊದಲ ವಾರ ಇಳಿಯುವುದರಲ್ಲಿ ನೀರೇ ಹೆಚ್ಚು. ಲಿವರ್, ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, 1 ಗ್ರಾಂ ಖರ್ಚಾದರೆ ಅದರೊಂದಿಗೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ಮತ್ತೆ ಸರಿಯಾಗಿ ಉಂಡರೆ ಆ ತೂಕ ಮರಳುತ್ತದೆ. ನಿಂಬೆರಸಕ್ಕೆ ಕೊಬ್ಬು ಕರಗಿಸುವ ಗುಣವಿಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲೇ ಸುಮಾರು 60 ಕ್ಯಾಲೊರಿ ಇದೆ.

ರೊಟ್ಟಿಯನ್ನು ದೂರುವುದಂತೂ ಅನ್ಯಾಯ. 50 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ, 5 ಗ್ರಾಂ ಪ್ರೋಟೀನ್, ಜೊತೆಗೆ ನಾರು. ಎರಡು ರೊಟ್ಟಿ, ಒಂದು ಬಟ್ಟಲು ಹೆಸರುಕಾಳು ಪಲ್ಯ, ಮೊಸರು, ಹಸಿ ಮೆಂತ್ಯೆಸೊಪ್ಪು ತಿಂದರೆ ಬೇಗ ಹಸಿವಾಗದು. ಬರೀ ನೀರು ಕುಡಿದು ಕ್ಲಾಸಿಗೆ ಹೋದವರ ಹೊಟ್ಟೆ ಹನ್ನೊಂದಕ್ಕೆ ಚುರುಗುಟ್ಟುತ್ತದೆ. ಆಗ ಕೈ ಹೋಗುವುದು ಮಿರ್ಚಿ ಭಜಿಗೆ.

ತೂಕ ಇಳಿಸಲೇಬೇಕೇ ಎಂದು ಮೊದಲು ನೋಡಿ. ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ; ಬರುವ ಸಂಖ್ಯೆಯೇ ಬಿಎಂಐ. 18 ವರ್ಷ ದಾಟಿದ ಭಾರತೀಯರಿಗೆ 18.5ರಿಂದ 22.9 ಸರಿ, 160 ಸೆಂ.ಮೀ. ಎತ್ತರದವರಿಗೆ ಅಂದರೆ ಸುಮಾರು 47.4ರಿಂದ 58.6 ಕೆಜಿ ತೂಕ. ಊಟ ಬಿಟ್ಟು ಮುಟ್ಟು ತಪ್ಪಿದ, ತಲೆ ಸುತ್ತುವ ಹುಡುಗಿಯರು ತಡಮಾಡದೆ ವೈದ್ಯರಿಗೆ ತೋರಿಸಿಕೊಳ್ಳಬೇಕು.