ಬಿಡುಗಡೆಯಾದ ಪುಸ್ತಕ, ಬಾಯಿ ಬಿಡದ ಓದುಗ

"ಅದೆಲ್ಲ ಸರಿ. ನಿಮ್ಮ ಕಡೆಯ ಓದುಗರು ಕತೆಗಳ ಬಗ್ಗೆ ಏನು ಹೇಳಿದರು?"

ತ್ರಿಶೂರಿನ ಹತ್ತಿರದ ಒಂದು ಹಳ್ಳಿಯ ವಾಚನಾಲಯದಲ್ಲಿ ನಿವೃತ್ತ ನರ್ಸ್ ಒಬ್ಬರು ಹೀಗೆ ಕೇಳಿದಾಗ ನನ್ನ ಬಾಯಿ ಕಟ್ಟಿತು. ಅವತ್ತು ಅಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಚರ್ಚೆ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್', ಅದೇ ಪುಸ್ತಕ. ಊರಲ್ಲಿ ಒಬ್ಬ ಕನ್ನಡದವನಿದ್ದಾನೆ, ಕರೆಯೋಣ ಅಂತ ನನ್ನನ್ನು ಕರೆದಿದ್ದರು. ನಾನೂ ಜೋರಾಗಿಯೇ ಹೋಗಿದ್ದೆ. ಹಾಸನದ ವಿಷಯ ಹೇಳಿದೆ, ವಕೀಲಿಕೆಯ ವಿಷಯ ಹೇಳಿದೆ, ಕನ್ನಡಕ್ಕೆ ಸಿಕ್ಕ ಮೊದಲ ಬೂಕರ್ ಅಂದೆ, ಊರೂರಲ್ಲಿ ನಡೆದ ಸನ್ಮಾನಗಳನ್ನು ಹೇಳಿದೆ. ಆಮೇಲೆ ಆಯಮ್ಮನ ಪ್ರಶ್ನೆ.

ನನ್ನ ಅಭಿಪ್ರಾಯ ನನಗಿತ್ತು. ಆದರೆ ಅವರು ಕೇಳಿದ್ದು ಅದನ್ನಲ್ಲ. ಕನ್ನಡದಲ್ಲಿ ಓದಿದವರು, ಅಂದರೆ ಮೇಷ್ಟ್ರು, ಕಂಡಕ್ಟರ್, ಮನೆಯಲ್ಲಿರೋ ಹೆಂಗಸರು, ಇವರಿಗೆ ಯಾವ ಕತೆ ಹಿಡಿಸಿತು, ಯಾವುದು ಅತಿಯಾಯಿತು ಅನ್ನಿಸಿತು? ಫೋನಿನಲ್ಲಿದ್ದ ನಮ್ಮ ಕಡೆಯ ಗ್ರೂಪುಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. ಹೂಗುಚ್ಛದ ಚಿತ್ರ, ಕೈ ಮುಗಿದ ಚಿತ್ರ, 'ಕನ್ನಡಕ್ಕೆ ಹೆಮ್ಮೆಯ ಕ್ಷಣ', ಮಧ್ಯೆ ಒಂದಿಷ್ಟು ಜಗಳ. ಕತೆಯ ಒಳಗೆ ಹೋಗಿ ಬಂದವರು ಒಬ್ಬರೂ ನೆನಪಿಗೆ ಬರಲಿಲ್ಲ.

ಆಯಮ್ಮ ಕಾಯಲಿಲ್ಲ, ಶುರು ಮಾಡಿದರು. 'ಕರಿ ನಾಗರಗಳು' ಕತೆಯಲ್ಲಿ ಕಾಯಿಲೆಯ ಮಗುವನ್ನು ಎತ್ತಿಕೊಂಡು ನ್ಯಾಯ ಕೇಳಲು ಮಸೀದಿಯ ಅಂಗಳದಲ್ಲಿ ಕೂರುತ್ತಾಳಲ್ಲ, ಆ ಹೆಂಗಸಿನ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ನಾನು ಮಕ್ಕಳ ವಾರ್ಡಿನಲ್ಲಿ ಇದ್ದವಳು, ನನ್ನ ಕಣ್ಣು ಪೂರ್ತಿ ಮಗುವಿನ ಮೇಲೇ ಇತ್ತು, ಲೇಖಕಿಯ ಕಣ್ಣು ಅಷ್ಟು ಹೊತ್ತು ಅಲ್ಲಿ ನಿಲ್ಲಲಿಲ್ಲ ಅಂದರು. ಆಟೋ ಓಡಿಸುವವರೊಬ್ಬರು ಎದ್ದು, ಕತೆಗಳನ್ನು ಒಂದೊಂದಾಗಿ ಓದಿದರೆ ಚೆನ್ನಾಗಿದೆ, 12 ಕತೆ ಒಟ್ಟಿಗೆ ಓದಿದರೆ ಎಲ್ಲ ಗಂಡಸರೂ ಒಬ್ಬನೇ ಅನ್ನಿಸುತ್ತದೆ ಅಂದರು. ಹಿಂದಿನ ಬೆಂಚಿನಿಂದ ಒಬ್ಬ ಕಾಲೇಜು ಹುಡುಗಿ, "ಒಬ್ಬನೇ ಆಗಿರೋದಕ್ಕೇ ಅಲ್ವಾ ಕತೆ ಬರೆದದ್ದು?" ಅಂದಳು. ಜನ ನಕ್ಕರು. ಕಾಸರವಳ್ಳಿಯವರ 'ಹಸೀನಾ' ಸಿನಿಮಾ ಬಂದದ್ದು 'ಕರಿ ನಾಗರಗಳು' ಕತೆಯಿಂದಲೇ ಅಂತ ನಾನು ಮಧ್ಯೆ ತೂರಿಸಿದೆ. ಎರಡು ನಿಮಿಷ ಮರ್ಯಾದೆ ಸಿಕ್ಕಿತು. ಮತ್ತೆ ಕತೆಗೇ ಹೋದರು.

ಆಮೇಲಿಂದ ತಲೆಯಲ್ಲಿ ಇದೇ ಹುಳ. ನಮ್ಮಲ್ಲಿ ಪುಸ್ತಕದ ಬಗ್ಗೆ ಮಾತು ಕಡಿಮೆಯಾ? ಕಡಿಮೆ ಏನಲ್ಲ, ಬೇಕಾದಷ್ಟಿದೆ. ಆದರೆ ಆ ಮಾತೆಲ್ಲ ಯಾವಾಗ ನಡೆಯುತ್ತದೆ ನೋಡಿ. ಬಿಡುಗಡೆಯ ದಿನ. ಅಂದರೆ ಪುಸ್ತಕವನ್ನು ಯಾರೂ ಓದಿರಲು ಸಾಧ್ಯವೇ ಇಲ್ಲದ ದಿನ!

ಹೋದ ಸಲ ಊರಿಗೆ ಹೋದಾಗ ಅಂಥದ್ದೊಂದಕ್ಕೆ ಕರೆದುಕೊಂಡು ಹೋದರು. ಆಮಂತ್ರಣದಲ್ಲಿ ಉದ್ಘಾಟನೆ, ಬಿಡುಗಡೆ, ಕೃತಿ ಪರಿಚಯ, ಮುಖ್ಯ ಅತಿಥಿ, ವಿಶೇಷ ಅತಿಥಿ, ಗೌರವ ಉಪಸ್ಥಿತಿ, ಅಧ್ಯಕ್ಷತೆ. ಲೇಖಕನ ಹೆಸರು ಹುಡುಕಬೇಕಾಯಿತು. ಬಣ್ಣದ ಕಾಗದ ಸುತ್ತಿದ ಕಟ್ಟನ್ನು ಅತಿಥಿಗಳು ಬಿಚ್ಚಿದರು. ಟೇಪು ಗಟ್ಟಿಯಾಗಿ ಕೂತಿತ್ತು, ಯಾರೋ ಬೀಗದ ಕೈಯಿಂದ ಕೊಯ್ದು ಕೊಟ್ಟರು. ಎಲ್ಲರೂ ಒಂದೊಂದು ಪ್ರತಿಯನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೊಗೆ ನಿಂತರು. ಒಬ್ಬರ ಕೈಯಲ್ಲಿ ಪುಸ್ತಕ ತಲೆಕೆಳಗಾಗಿತ್ತು, ಪಕ್ಕದವರು ಸರಿ ಮಾಡಿದರು. ಮುಖ್ಯ ಅತಿಥಿ ಮೈಕ್ ಹಿಡಿದು, ಪುಸ್ತಕ ನಿನ್ನೆ ರಾತ್ರಿಯಷ್ಟೇ ಕೈ ಸೇರಿತು, ಕಣ್ಣಾಡಿಸಿದ್ದೇನೆ, ಸಂಗ್ರಹಯೋಗ್ಯ ಅಂದರು. ಆಮೇಲೆ ತಮ್ಮ ಬಾಲ್ಯದ ಬಗ್ಗೆ ಮಾತಾಡಿದರು. ಕೃತಿ ಪರಿಚಯ ಮಾಡಿದವರು ಮಾತ್ರ ನಿಜವಾಗಿ ಓದಿದ್ದರು ಪಾಪ, ಅವರಿಗೆ ಹತ್ತು ನಿಮಿಷದಲ್ಲಿ ಚೀಟಿ ಬಂತು. ಉಪ್ಪಿಟ್ಟು ತಿಂದೆವು. ಆ ಪುಸ್ತಕ ಮನೆಗೆ ಹೋಯಿತು, ಆಮೇಲೆ ಅದರ ಗತಿ ಏನಾಯಿತು ಅಂತ ಕೇಳುವ ಕಾರ್ಯಕ್ರಮ ನಮ್ಮಲ್ಲಿ ಇಲ್ಲವೇ ಇಲ್ಲ.

ಇಲ್ಲಿ ಕೇರಳದಲ್ಲಿ ಉಲ್ಟಾ. ಬಿಡುಗಡೆಯ ಗದ್ದಲ ಇಲ್ಲಿಯೂ ಉಂಟು, ಅದು ದೊಡ್ಡ ಊರಿನವರ ಪಾಡು. ಹಳ್ಳಿಯ ವಾಚನಾಲಯದ ಪುಸ್ತಕ ಚರ್ಚೆ ಬೇರೆ. ಪುಸ್ತಕ ಬಂದು ತಿಂಗಳುಗಳಾಗಿರುತ್ತದೆ. ಒಂದೇ ಪ್ರತಿ ಮನೆ ಮನೆ ಸುತ್ತಿ ಮೂಲೆ ಮಡಚಿರುತ್ತದೆ. ಭಾನುವಾರ ಸಂಜೆ ಕೂರುತ್ತಾರೆ. ಒಬ್ಬರು ಪುಸ್ತಕ ಪರಿಚಯಿಸುತ್ತಾರೆ, ಉಳಿದವರು ಅವರ ಮೇಲೆ ಬೀಳುತ್ತಾರೆ.

ಇದು ಒಂದು ದಿನದಲ್ಲಿ ಹುಟ್ಟಿದ ಅಭ್ಯಾಸ ಅಲ್ಲ. 1945ರಲ್ಲಿ ಪಿ. ಎನ್. ಪಣಿಕ್ಕರ್ ಅನ್ನುವ ಮೇಷ್ಟ್ರು ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಒಟ್ಟು ಸೇರಿಸಿ ಸಂಘ ಕಟ್ಟಿದರು. ಅವರು ತೀರಿಕೊಂಡ ಜೂನ್ 19 ಇಲ್ಲಿ ಇವತ್ತಿಗೂ ಓದಿನ ದಿನ. ಇಲ್ಲಿನ ವಾಚನಾಲಯ ಊರಿನ ಸದಸ್ಯರದು. ಸಮಿತಿಗೆ ಚುನಾವಣೆ ನಡೆಯುತ್ತದೆ, ಸರ್ಕಾರ ಅನುದಾನ ಕೊಡುತ್ತದೆ. ನಮ್ಮಲ್ಲಿ 1965ರಲ್ಲೇ ಗ್ರಂಥಾಲಯ ಕಾಯ್ದೆ ಬಂತು, ಕೇರಳದ ಈಗಿನ ಕಾಯ್ದೆಗಿಂತ ಎಷ್ಟೋ ವರ್ಷ ಮುಂಚೆ. ಆದರೆ ಗ್ರಂಥಾಲಯ ಇಲಾಖೆಯದಾಯಿತು. ಎರಡೂ ಕಡೆ ಮನೆ ಕಂದಾಯದ ಜೊತೆ ಗ್ರಂಥಾಲಯದ ಸೆಸ್ ಕಟ್ಟುತ್ತೇವೆ. ಒಂದು ಕಡೆ ಜನ ಬಂದು ಜೋರಾಗಿ ಮಾತಾಡುತ್ತಾರೆ, ಇನ್ನೊಂದು ಕಡೆ ಗೋಡೆಯ ಮೇಲೆ 'ನಿಶ್ಶಬ್ದ' ಅಂತ ಬರೆದಿರುತ್ತದೆ.

ಇಲ್ಲಿನವರಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಕಾದಂಬರಿಯನ್ನು ಇವರು ಸತ್ಯದ ಲೆಕ್ಕದಲ್ಲಿ ಜಾಲಾಡುತ್ತಾರೆ, ಸತ್ಯದ ಪುಸ್ತಕವನ್ನು ಕತೆಯ ಲೆಕ್ಕದಲ್ಲಿ. ಬೆನ್ಯಾಮಿನ್ ಅವರ 'ಆಡುಜೀವಿತಂ' ಗೊತ್ತಲ್ಲ, 2008ರದು. ಕೊಲ್ಲಿಯ ಮರುಭೂಮಿಯಲ್ಲಿ ಆಡು ಕಾಯಲು ಸಿಕ್ಕಿಬಿದ್ದ ಒಬ್ಬನ ಅನುಭವ ಕೇಳಿ ಬರೆದ ಕಾದಂಬರಿ. 2024ರಲ್ಲಿ ಸಿನಿಮಾ ಬಂದಾಗ ಮತ್ತೆ ಚರ್ಚೆಗೆ ಬಂತು. ಕೊಲ್ಲಿಯಿಂದ ವಾಪಸಾದ ಒಬ್ಬರು ಪುಸ್ತಕವನ್ನು ಮುಂದೆ ಇಟ್ಟುಕೊಂಡು ಇದು ಹೌದು, ಇದು ಹೀಗಿರಲ್ಲ ಅಂತ ಹೇಳುತ್ತಾ ಹೋದರು. ಬಿಸಿಲು ಹೌದು. ಯಜಮಾನ ಹೌದು. ದೇವರ ಮೇಲಿನ ಅಷ್ಟು ನಂಬಿಕೆ? "ನನಗಿರಲಿಲ್ಲ," ಅಂದರು. ಇನ್ನೊಂದು ಸಲ ಒಬ್ಬ ಡಾಕ್ಟರ ಆತ್ಮಕತೆ. ಎಲ್ಲರೂ ಸೇವೆ, ತ್ಯಾಗ ಅಂತ ಹೊಗಳಿದ ಮೇಲೆ ಅಂಗನವಾಡಿಯ ಟೀಚರ್ ಒಬ್ಬರು ಕೇಳಿದರು: "ಇಷ್ಟು ದಪ್ಪ ಪುಸ್ತಕದಲ್ಲಿ ಇವರ ಹೆಂಡತಿ ಎಲ್ಲಿ? ಮದುವೆಯ ಪುಟದಲ್ಲಿ ಬಂದವಳು ಸಾಯುವ ಪುಟದಲ್ಲೇ ಮತ್ತೆ ಬರೋದು." ಯಾವ ವಿಮರ್ಶಕ ಹೀಗೆ ಹೇಳಿಯಾನು?

ನಮ್ಮಲ್ಲಿ ಕತೆ, ಕಾದಂಬರಿಯಲ್ಲದ ಪುಸ್ತಕಕ್ಕೆ ಒಂದೇ ಸರ್ಟಿಫಿಕೇಟು: 'ತುಂಬಾ ಉಪಯುಕ್ತ ಮಾಹಿತಿ ಇದೆ.' ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ತೆಗೆದುಕೊಳ್ಳಿ. ಮೇಷ್ಟ್ರೊಬ್ಬರು ಹುಡುಗರನ್ನು ಕಟ್ಟಿಕೊಂಡು ಗಿಡ ಹುಡುಕಲು ಕಾಡಿಗೆ ಹೋಗುವ ಪುಸ್ತಕ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದಿ ಬಿದ್ದು ಬಿದ್ದು ನಗಬೇಕಾದ ಜಾಗಗಳು ಅದರಲ್ಲಿ ಎಷ್ಟಿವೆ! ಅದನ್ನು ಓದಿದ್ದೇನೆ ಅಂದ ಸಂಬಂಧಿಕರೊಬ್ಬರನ್ನು ಹೇಗಿದೆ ಅಂತ ಕೇಳಿದರೆ, "ಮಕ್ಕಳಿಗೆ ಒಳ್ಳೇದು, ಗಿಡಗಳ ಬಗ್ಗೆ ತಿಳ್ಕೋಬಹುದು," ಅಂದರು. ನಕ್ಕಿರಲ್ವಾ ಅಂದೆ. "ನಗು ಬಂತು ಬಂತು," ಅಂದರು, ತಪ್ಪು ಒಪ್ಪಿಕೊಂಡವರ ಹಾಗೆ.

ಕಾದಂಬರಿಯ ವಿಷಯ ಬಂದರೆ ಇನ್ನೂ ಕಷ್ಟ. 2007ರಲ್ಲಿ ಭೈರಪ್ಪನವರ 'ಆವರಣ' ಬಂದಾಗ ನಾನು ಊರಲ್ಲೇ ಇದ್ದೆ. ಕಾದಂಬರಿಯೊಳಗೇ ಆಧಾರ ಗ್ರಂಥಗಳ ಪಟ್ಟಿ ಇರುವ ಪುಸ್ತಕ ಅದು. ಕತೆ ಎಲ್ಲಿ ನಿಲ್ಲುತ್ತದೆ, ಇತಿಹಾಸ ಎಲ್ಲಿ ಶುರುವಾಗುತ್ತದೆ ಅಂತ ಓದುಗರು ರಾತ್ರಿಯಿಡೀ ಕೂತು ಜಗಳ ಆಡಬಹುದಾದ ಪುಸ್ತಕ. ಜಗಳವೇನೋ ಆಯಿತು. ಆದರೆ ನಾನು ಕಂಡ ಬಹುಪಾಲು ಜನ ಪುಸ್ತಕ ತೆರೆಯುವ ಮುಂಚೆಯೇ ಪರ ಅಥವಾ ವಿರೋಧ ಆಗಿದ್ದರು. ನೀನು ಯಾರ ಕಡೆ ಅನ್ನೋದು ಗೊತ್ತಾದ ಮೇಲೆ ನಿನಗೆ ಏನನ್ನಿಸಿತು ಅಂತ ಯಾಕೆ ಕೇಳಬೇಕು? ಪುಸ್ತಕದ ಹೆಸರು ಹೇಳಿದರೆ ಸಾಕು, 'ಓ, ಅವರದಾ' ಅನ್ನುವ ಒಂದು ರಾಗ ಇದೆ ನಮ್ಮವರಲ್ಲಿ. ಅದರಲ್ಲಿ ಇಡೀ ವಿಮರ್ಶೆ ಮುಗಿಯುತ್ತದೆ.

ಇಷ್ಟು ಬರೆದು ಇಲ್ಲಿಗೇ ನಿಲ್ಲಿಸಿದ್ದರೆ ಆರಾಮಾಗಿತ್ತು. ಆದರೆ ಕೆಲವು ಒಪ್ಪಿಕೊಳ್ಳಬೇಕಾದ ಮಾತುಗಳಿವೆ.

ಇಲ್ಲಿನ ಚರ್ಚೆ ಪೂರ್ತಿ ಪುಸ್ತಕ ಪ್ರೀತಿಯಿಂದಲೇ ನಡೆಯುತ್ತದೆ ಅಂದುಕೊಳ್ಳಬೇಡಿ. ವಾಚನಾಲಯಗಳಿಗೆ ಇಲ್ಲಿ ಗ್ರೇಡ್ ಇದೆ, ಗ್ರೇಡ್ ನೋಡಿ ಅನುದಾನ. ಕಾರ್ಯಕ್ರಮ ಎಷ್ಟು ಮಾಡಿದಿರಿ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಹಾಜರಿ ಪುಸ್ತಕ ಮೊದಲು ಸುತ್ತು ಹೊಡೆಯುತ್ತದೆ, ಆಮೇಲೆ ಚರ್ಚೆ. ಸಮಿತಿಯಲ್ಲಿ ಪಕ್ಷದ ವಾಸನೆಯೂ ಇರುತ್ತದೆ. ಮೈಕ್ ಸಿಕ್ಕರೆ ಬಿಡದ ಒಬ್ಬರು ಇಲ್ಲಿಯೂ ಇದ್ದಾರೆ, ಯಾವ ಪುಸ್ತಕವಾದರೂ ಸೋವಿಯತ್ ಒಕ್ಕೂಟಕ್ಕೆ ಕೊಂಡೊಯ್ದು ಮುಟ್ಟಿಸುತ್ತಾರೆ. ವಾರದ ದಿನ ಅದೇ ಕೋಣೆಯಲ್ಲಿ ಕೂರುವ ಹುಡುಗರು ಓದುವುದು ಸರ್ಕಾರಿ ಕೆಲಸದ ಪರೀಕ್ಷೆಯ ಗೈಡು, ನಮ್ಮಲ್ಲಿಯ ಹಾಗೇ.

ನಮ್ಮ ಓದುಗ ಮೂಗನೂ ಅಲ್ಲ. 'ಸುಧಾ', 'ತರಂಗ'ದಲ್ಲಿ ಧಾರಾವಾಹಿ ಬರುತ್ತಿದ್ದ ಕಾಲದಲ್ಲಿ ಮುಂದಿನ ವಾರದ ಪತ್ರಿಕೆಗೆ ಬಸ್ ಸ್ಟ್ಯಾಂಡಿನಲ್ಲಿ ಕಾದವರು ನಮ್ಮ ಮನೆಯಲ್ಲೇ ಇದ್ದರು. ನಾಯಕಿಯನ್ನು ಸಾಯಿಸಬೇಡಿ ಅಂತ ಕಾರ್ಡು ಬರೆದವರೂ ಇದ್ದರು. ತೇಜಸ್ವಿಯವರ 'ಕರ್ವಾಲೊ' ಬಂದದ್ದು 1980ರಲ್ಲಿ. ಅದರ ಮಂದಣ್ಣ ನಿಜವಾಗಿ ಇದ್ದನಾ, ಆ ಹಾರುವ ಓತಿಯನ್ನು ಇವರು ನಿಜವಾಗಿ ಕಂಡರಾ ಅಂತ ಹಾಸ್ಟೆಲಿನಲ್ಲಿ ನಾವು ಕಿತ್ತಾಡಿದ್ದೇವೆ. ಕತೆಯೋ ನಿಜವೋ ಅನ್ನುವ ಆ ಕಿತ್ತಾಟ ಇಲ್ಲಿನ ಯಾವ ಚರ್ಚೆಗೂ ಕಡಿಮೆ ಇರಲಿಲ್ಲ. ಅಧ್ಯಕ್ಷತೆ ಯಾರೂ ವಹಿಸಿರಲಿಲ್ಲ, ಅಷ್ಟೆ.

ಇನ್ನೂ ಒಂದು ಕಡೆ ನಮ್ಮ ಓದುಗರು ಜೋರಾಗಿ ಮಾತಾಡಿದ್ದಾರೆ. ಸರ್ಕ್ಯುಲೇಟಿಂಗ್ ಲೈಬ್ರರಿಯ ಹಳೆಯ ಕಾದಂಬರಿಗಳ ಅಂಚಿನಲ್ಲಿ. ಊರಿಗೆ ಹೋದಾಗ ನಮ್ಮ ಸೋದರತ್ತೆಯ ಅಟ್ಟದಲ್ಲಿ ಅಂಥ ಒಂದಿಷ್ಟು ಸಿಕ್ಕವು, ಅಂಗಡಿ ಮುಚ್ಚುವಾಗ ತೂಕಕ್ಕೆ ತಂದದ್ದಂತೆ. ಒಂದು ಪುಟದಲ್ಲಿ ನಾಯಕ ಕಣ್ಣೀರು ಹಾಕುತ್ತಾನೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ನಾಟಕ'. ಅದರ ಕೆಳಗೆ ಬೇರೆ ಕೈಬರಹದಲ್ಲಿ 'ನಿಮಗೆ ಹೃದಯ ಇಲ್ಲ'. ಮೂರನೆಯವರು ನೀಲಿ ಪೆನ್ನಿನಲ್ಲಿ 'ಇಬ್ಬರೂ ಕೊನೇ ಪುಟ ಓದಿ ಮಾತಾಡಿ'. ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ಒಬ್ಬ ಪಾಪಿ ಕೊಲೆಗಾರನ ಹೆಸರು ಬರೆದಿಟ್ಟಿದ್ದ. ಪ್ರವಾಸ ಕಥನವೊಂದರ ಅಂಚಿನಲ್ಲಿ 'ಖರ್ಚು ಎಷ್ಟಾಯಿತು ಅಂತ ಎಲ್ಲೂ ಹೇಳಿಲ್ಲ' ಅಂತಿತ್ತು. ತ್ರಿಶೂರಿನ ನರ್ಸಮ್ಮ ಕೇಳಿದ್ದಕ್ಕೆ ಉತ್ತರ ಇಲ್ಲಿತ್ತು, ಹೆಸರು ಮಾತ್ರ ಇರಲಿಲ್ಲ.

ಎರಡು ಮೂರು ಪುಸ್ತಕಗಳಲ್ಲಿ ಅತ್ತೆಯದೇ ಅಕ್ಷರ. ಗುಂಡಗೆ, ಒತ್ತಿ ಬರೆಯುತ್ತಾರೆ. ಒಂದು ಕಡೆ, 'ಇವಳು ಕ್ಷಮಿಸಿದ್ದು ಯಾಕೆ? ಬರೆದವರಿಗೆ ಪುಟ ಮುಗಿದಿರಬೇಕು.' ಈ ಒಂದು ಸಾಲಿಗೆ ನಾನು ಕೇಳಿದ ಎಷ್ಟೋ ಅಧ್ಯಕ್ಷ ಭಾಷಣಗಳನ್ನು ಕೊಟ್ಟುಬಿಡುತ್ತೇನೆ.

ಅದೇ ಉತ್ಸಾಹದಲ್ಲಿ ಊರಿನ ಗೆಳೆಯನಿಗೆ ಒಂದು ಸಲಹೆ ಕೊಟ್ಟೆ. ಅವನು ಅಲ್ಲಿನ ಸಾಹಿತ್ಯ ಬಳಗದಲ್ಲಿದ್ದಾನೆ. ಹೋದ ವರ್ಷ ನಿಮ್ಮೂರಲ್ಲಿ ಬಿಡುಗಡೆಯಾದ ಕಾದಂಬರಿ ಇದೆಯಲ್ಲ, ಓದಿದವರನ್ನು ಮಾತ್ರ ಕರೆದು ಕೂರಿಸಿ, ವೇದಿಕೆ ಬೇಡ, ಹಾರ ಬೇಡ ಅಂದೆ. ಒಳ್ಳೇ ಐಡಿಯಾ ಅಂದ. ಉದ್ಘಾಟನೆಗೆ ಯಾರನ್ನು ಕರೆಸೋಣ ಅಂತಲೂ ಕೇಳಿದ. ನಾನು ಅತ್ತೆಯ ಹೆಸರು ಹೇಳಿದೆ.

ಅತ್ತೆ ಆ ಕಾದಂಬರಿ ಓದಿದ್ದರು. ಫೋನ್ ಮಾಡಿದಾಗ ಖುಷಿಯಿಂದಲೇ ಮಾತಾಡಿದರು. ಮೊದಲರ್ಧ ಚೆನ್ನಾಗಿದೆ, ಆಮೇಲೆ ಸುಮ್ನೆ ಎಳೆದಿದ್ದಾರೆ, ಆ ತಂಗಿಯ ಪಾತ್ರ ಬೇಕೇ ಇರಲಿಲ್ಲ ಅಂದರು. ಇದನ್ನೇ ಬಂದು ಹೇಳಿ ಅಂದೆ.

"ಹಾಗೆ ಹೇಳಬಹುದಾ?"

ಹೇಳಬಹುದು ಅಂದೆ.

"ಬರೆದವರೂ ಬಂದಿರ್ತಾರಾ?"

ಬಂದರೂ ಬರಬಹುದು ಅಂದೆ.

"ಹಾಗಾದರೆ ಬೇಡಪ್ಪ," ಅಂದರು. "ಪಾಪ, ಅಷ್ಟು ಕಷ್ಟಪಟ್ಟು ಬರೆದಿರ್ತಾರೆ."