ಗಿಡದ ಸಾರವನ್ನು ಇಡಿಯಾಗಿ ಮುಲಾಮು ಮಾಡಬೇಕೆ? ಪರ–ವಿರೋಧ

ಪರ

ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ ಹುಟ್ಟುಕಾಯಿಲೆ ಇದ್ದವರ ಚರ್ಮ ಬಟ್ಟೆ ಉಜ್ಜಿದರೂ ಗುಳ್ಳೆ ಎದ್ದು ಸುಲಿದು ಹೋಗುತ್ತದೆ. ಒಂದು ಗಾಯ ಮಾಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಈ ಗಾಯಗಳಿಗೆಂದು ಯುರೋಪ್ 2022ರಲ್ಲಿ, ಅಮೆರಿಕ 2023ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟ ಜೆಲ್ ಒಂದಿದೆ. ಅದರಲ್ಲಿರುವುದು ಎರಡೇ ಪದಾರ್ಥ: ಬರ್ಚ್ ಮರದ ತೊಗಟೆಯ ಒಣ ಸಾರ ನೂರಕ್ಕೆ ಹತ್ತು ಪಾಲು, ಉಳಿದದ್ದು ಸೂರ್ಯಕಾಂತಿ ಎಣ್ಣೆ. ತೊಗಟೆಯ ಟ್ರೈಟರ್ಪೀನ್ ಎಂಬ ರಾಸಾಯನಿಕಗಳೇ ಎಣ್ಣೆಯನ್ನು ಹಿಡಿದು ಜೆಲ್ ಮಾಡುತ್ತವೆ. 223 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಆಯ್ದುಕೊಂಡ ಗಾಯ 45 ದಿನಗಳೊಳಗೆ ಪೂರ್ತಿ ಮುಚ್ಚಿದ್ದು ಸಾರದ ಜೆಲ್ ಹಚ್ಚಿಕೊಂಡವರಲ್ಲಿ ಶೇ 41.3, ಸಾರವಿಲ್ಲದ ಜೆಲ್ ಹಚ್ಚಿಕೊಂಡವರಲ್ಲಿ ಶೇ 28.9. ಮಾಡುವುದಕ್ಕೆ ಏನೂ ಉಳಿದಿಲ್ಲ ಎನ್ನುವಂತಿದ್ದ ಕಾಯಿಲೆಯಲ್ಲಿ ಇದು ಸಣ್ಣ ಲಾಭವಲ್ಲ.

ಇಡೀ ಸಾರ ಏಕೆ, ಒಂದೇ ಅಣುವನ್ನು ಬೇರ್ಪಡಿಸಿ ಹಚ್ಚಬಾರದೇ ಎಂದು ಕೇಳುವವರು ಗಾಯ ಹೇಗೆ ಮಾಯುತ್ತದೆ ಎಂಬುದನ್ನು ಮರೆತಿರುತ್ತಾರೆ. ಮೊದಲು ರಕ್ತ ಹೆಪ್ಪುಗಟ್ಟಬೇಕು, ಉರಿಯೂತ ಬಂದು ಹೋಗಬೇಕು, ಹೊಸ ಅಂಗಾಂಶ ತುಂಬಿಕೊಳ್ಳಬೇಕು, ಆಮೇಲೆ ಅದು ಬಲಿಯಬೇಕು. ಒಂದು ಹಂತಕ್ಕೆ ನಾಟುವ ಅಣು ಇನ್ನೊಂದರಲ್ಲಿ ಸುಮ್ಮನಿರಬಹುದು. ಒಂದೆಲಗದ ಸಾರದಲ್ಲಿ ಏಷಿಯಾಟಿಕೊಸೈಡ್, ಮ್ಯಾಡೆಕಾಸೊಸೈಡ್, ಏಷಿಯಾಟಿಕ್ ಆಮ್ಲ ಎಂಬ ಅಣುಗಳು ಜೊತೆಜೊತೆಗೇ ಇವೆ. ಪ್ರಯೋಗಾಲಯದ ಕೋಶಗಳಲ್ಲಿ ಅವು ಚರ್ಮಕ್ಕೆ ಗಟ್ಟಿತನ ಕೊಡುವ ಕೊಲ್ಯಾಜನ್ ಎಂಬ ಪ್ರೋಟೀನಿನ ತಯಾರಿಕೆಯನ್ನು ಚುರುಕುಗೊಳಿಸುತ್ತವೆ. ಕಟ್ಟಾಗಿ ಸಿಗುವುದನ್ನು ಮೊದಲೇ ಬಿಡಿಬಿಡಿ ಮಾಡುವ ಹಟ ಏಕೆ?

ನೋವಿನ ಮಾತಿಗೆ ಬಂದರೆ ವಾದ ಇನ್ನೂ ಸರಳ. ಉರಿಯೂತ ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡಗಳಿಗೆ ಪೆಟ್ಟು. ನೋವಿರುವ ಕಡೆಗೇ ಹಚ್ಚಿದರೆ ರಕ್ತಕ್ಕೆ ಸೇರುವುದು ಅಲ್ಪ. ಕೈಬೆರಳ ಸಂಧಿವಾತದ 204 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರ್ನಿಕಾ ಎಂಬ ಹೂಗಿಡದ ಜೆಲ್, ಐಬುಪ್ರೊಫೆನ್ ಎಂಬ ನೋವುನಿವಾರಕದ ಜೆಲ್‌ಗಿಂತ ಕಡಿಮೆ ಬೀಳಲಿಲ್ಲ.

ಸಾರದಲ್ಲಿ ಏನೇನಿದೆಯೋ ಯಾರಿಗೆ ಗೊತ್ತು ಎಂಬ ಆಕ್ಷೇಪ ಹಳತಾಯಿತು. ಸಸ್ಯೌಷಧಗಳಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಮಾರ್ಗಸೂಚಿ ಹೊರಡಿಸಿತು. 2006ರಲ್ಲಿ ಜನನಾಂಗದ ನರುಳಿಗೆ ಹಚ್ಚುವ ಹಸಿರು ಚಹಾ ಸಾರದ ಮುಲಾಮು ಆ ದಾರಿಯಲ್ಲೇ ಪಾಸಾಯಿತು. ಪ್ರತಿ ಅಣುವಿನ ಜಾತಕ ಕೊಡಬೇಕಿಲ್ಲ, ಬ್ಯಾಚಿನಿಂದ ಬ್ಯಾಚಿಗೆ ಗುಣ ಬದಲಾಗುವುದಿಲ್ಲ ಎಂದು ತೋರಿಸಿದರೆ ಸಾಕು. ದಾರಿ ಇದೆ, ನಡೆಯುವವರು ಕಡಿಮೆ.

ವಿರೋಧ

ಆ ಬರ್ಚ್ ಪ್ರಯೋಗವನ್ನೇ ಇನ್ನಷ್ಟು ದಿನ ಹಿಂಬಾಲಿಸೋಣ. 90 ದಿನಗಳ ಹೊತ್ತಿಗೆ ಎರಡು ಗುಂಪುಗಳ ಅಂತರ ಕುಗ್ಗಿ, ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಖಚಿತ ಎನ್ನುವಂತಿರಲಿಲ್ಲ. ಅದೂ ಅಲ್ಲದೆ ಆ ಸಾರದ ಬಹುಪಾಲು ಬೆಟುಲಿನ್ ಎಂಬ ಒಂದೇ ವಸ್ತು. ಹೆಚ್ಚುಕಡಿಮೆ ಶುದ್ಧ ರಾಸಾಯನಿಕ ಎನ್ನಬಹುದಾದ ಅದನ್ನು ಮುಂದಿಟ್ಟುಕೊಂಡು, ಒಳಗೇನಿದೆ ಎಂದೇ ಅಳೆಯದ ಸೊಪ್ಪಿನ ಸಾರಗಳಿಗೆಲ್ಲ ಸಮರ್ಥನೆ ಪಡೆಯುವುದು ನ್ಯಾಯವಲ್ಲ.

ಈ ಕ್ಷೇತ್ರದ ಪ್ರಬಂಧಗಳನ್ನು ನಾಲ್ಕಾರು ಓದಿದವರಿಗೆ ಅವುಗಳ ಅಚ್ಚು ಬಾಯಿಪಾಠ. ಎಲೆ ನೆರಳಲ್ಲಿ ಒಣಗಿಸಿ, ಎಥನಾಲ್‌ನಲ್ಲಿ ನೆನೆಸಿ, ಸೋಸಿ, ಇಂಗಿಸಿ, ಡಿಪಿಪಿಎಚ್ ಎಂಬ ಪರೀಕ್ಷಾ ರಾಸಾಯನಿಕದ ದ್ರಾವಣದ ನೇರಳೆ ಬಣ್ಣ ಹಳದಿಗೆ ತಿರುಗಿದ್ದನ್ನು ನೋಡಿ ‘ಉತ್ಕರ್ಷಣ ನಿರೋಧಕ’ ಎಂದು ಬರೆಯುವುದು. ಆಮೇಲೆ ಇಲಿಯ ಬೆನ್ನು ಬೋಳಿಸಿ, ಅಷ್ಟಗಲ ಚರ್ಮ ಕತ್ತರಿಸಿ, ಮುಲಾಮು ಹಚ್ಚಿ, ಗಾಯದ ಅಳತೆ ಬರೆದುಕೊಳ್ಳುವುದು. ಕೊನೆಯ ಸಾಲು ಮೊದಲೇ ಗೊತ್ತಿರುತ್ತದೆ: ‘ಹೆಚ್ಚಿನ ಸಂಶೋಧನೆ ಅಗತ್ಯ’. ಆ ಹೆಚ್ಚಿನ ಸಂಶೋಧನೆ ಬರುವುದು ಅಪರೂಪ. ಬರುವುದು ಇನ್ನೊಂದು ಎಲೆ, ಇನ್ನಷ್ಟು ಇಲಿಗಳು.

ಇಲಿಯ ಚರ್ಮದಡಿ ತೆಳ್ಳಗಿನ ಸ್ನಾಯುಪದರ ಹರಡಿದೆ. ಗಾಯವಾದರೆ ಅದು ಅಂಚುಗಳನ್ನು ಒಳಕ್ಕೆ ಎಳೆದು, ಚೀಲದ ಬಾಯಿಗೆ ಲಾಡಿ ಬಿಗಿದಂತೆ ಮುಚ್ಚಿಬಿಡುತ್ತದೆ. ನಮ್ಮ ಮೈಯ ಬಹುಭಾಗದಲ್ಲಿ ಆ ಪದರವಿಲ್ಲ. ತಳದಿಂದ ಅಂಗಾಂಶ ತುಂಬಿ, ಅಂಚಿನಿಂದ ಹೊಸ ಚರ್ಮ ಹಬ್ಬಿಕೊಳ್ಳಬೇಕು. ಜೊತೆಗೆ, ಪ್ರಯೋಗದ ಇಲಿ ಸಾಮಾನ್ಯವಾಗಿ ಎಳೆಯ, ಆರೋಗ್ಯವಂತ ಪ್ರಾಣಿ. ಅದರ ಗಾಯ ಏನೂ ಹಚ್ಚದಿದ್ದರೂ ಮಾಯುತ್ತದೆ. ಔಷಧ ನಿಜಕ್ಕೂ ಬೇಕಾದದ್ದು ರಕ್ತ ಸರಿಯಾಗಿ ಹರಿಯದ, ಸೋಂಕು ಬೇರೂರಿದ ಮಧುಮೇಹಿಯ ಪಾದದ ಹುಣ್ಣಿಗೆ. ಒಂದರ ಫಲಿತಾಂಶ ಇನ್ನೊಂದಕ್ಕೆ ಹೇಗೆ ಸಾಕ್ಷಿಯಾದೀತು?

ನೋವಿನ ಮುಲಾಮುಗಳಲ್ಲಿ ತೊಡಕು ಬೇರೆ. ತಿಕ್ಕಿದ್ದಕ್ಕೇ ಅರ್ಧ ನೋವು ಇಳಿಯುತ್ತದೆ. ಸಂಧಿವಾತಕ್ಕೆ ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಹಚ್ಚಿದವರಲ್ಲಿ ಸುಮಾರು ಶೇ 60 ಮಂದಿಗೆ ಗುಣ ಕಂಡರೆ, ಔಷಧವಿಲ್ಲದ ಬರೀ ಜೆಲ್ ಹಚ್ಚಿದವರಲ್ಲೂ ಸುಮಾರು ಶೇ 50 ಮಂದಿಗೆ ಕಂಡಿತು ಎಂದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಸಂಸ್ಥೆಯ 2016ರ ಪರಾಮರ್ಶೆ ಹೇಳುತ್ತದೆ. ಮೇಲೆ ಹೊಗಳಿಸಿಕೊಂಡ ಆರ್ನಿಕಾ ಪ್ರಯೋಗದಲ್ಲಿ ಬರೀ ಜೆಲ್‌ನ ಗುಂಪೇ ಇರಲಿಲ್ಲ. ಆರ್ನಿಕಾ ಗೆದ್ದಿತೋ, ತಿಕ್ಕಿದ್ದು ಗೆದ್ದಿತೋ ಹೇಳುವಂತಿಲ್ಲ.

ಗಿಡದಿಂದ ಬಂದ ನೋವಿನ ಔಷಧಗಳಲ್ಲಿ ನಿಜವಾಗಿ ಗೆದ್ದ ಕಥೆ ಮೆಣಸಿನಕಾಯಿಯದು. ಕ್ಯಾಪ್ಸೈಸಿನ್‌ನ ಬೆನ್ನು ಹತ್ತಿ 1997ರಲ್ಲಿ ಉರಿಯನ್ನು ಗ್ರಹಿಸುವ ಟಿಆರ್‌ಪಿವಿ1 ಗ್ರಾಹಕವನ್ನು ಕಂಡುಹಿಡಿದದ್ದಕ್ಕೆ ಡೇವಿಡ್ ಜೂಲಿಯಸ್ 2021ರ ನೊಬೆಲ್‌ನಲ್ಲಿ ಪಾಲು ಪಡೆದರು. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನರಶೂಲೆಗೆ 2009ರಲ್ಲಿ ಶೇ 8ರ ಕ್ಯಾಪ್ಸೈಸಿನ್ ಪಟ್ಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಆ ಪಟ್ಟಿಯಲ್ಲಿರುವುದು ಸಂಶ್ಲೇಷಿಸಿದ ಕ್ಯಾಪ್ಸೈಸಿನ್, ಗಿಡದ ಮುಖ ಕಂಡದ್ದಲ್ಲ. ಸಸ್ಯ ಸುಳಿವು ಕೊಟ್ಟಿತು, ಔಷಧವಾದದ್ದು ಅಣು.

‘ನೈಸರ್ಗಿಕ, ಹಾಗಾಗಿ ಅಪಾಯವಿಲ್ಲ’ ಎಂಬ ಲೇಬಲ್ಲಿನ ಮಾತನ್ನು ಹೆಚ್ಚು ಎಳೆಯುವುದಿಲ್ಲ. ಆರ್ನಿಕಾವನ್ನು ತೆರೆದ ಗಾಯಕ್ಕೆ ಹಚ್ಚಬಾರದು. ಕಾಂಫ್ರಿ ಎಂಬ ಗಿಡದಲ್ಲಿ ಯಕೃತ್ತಿಗೆ ವಿಷವಾದ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳಿವೆ. ನೋವಿನೆಣ್ಣೆಗಳಲ್ಲಿ ಬಳಸುವ ವಿಂಟರ್‌ಗ್ರೀನ್ ತೈಲ ಅಪ್ಪಟವಾಗಿ ಒಂದು ಟೀ ಚಮಚ ಹೊಟ್ಟೆಗೆ ಹೋದರೆ ಮಗುವಿನ ಜೀವಕ್ಕೇ ಕುತ್ತು.

ಸಾರವನ್ನೇ ಪರೀಕ್ಷಿಸುತ್ತೇವೆ ಎನ್ನುವವರು ಇಲಿ ಬಿಟ್ಟು ಮೂರು ಗುಂಪು ರೋಗಿಗಳನ್ನು ಸೇರಿಸಿಕೊಳ್ಳಲಿ: ಒಂದಕ್ಕೆ ಸಾರದ ಮುಲಾಮು, ಒಂದಕ್ಕೆ ಅದರ ಮುಖ್ಯ ಅಣುವಿನ ಮುಲಾಮು, ಮೂರನೆಯದಕ್ಕೆ ಬರೀ ಆಧಾರದ್ರವ್ಯ. ಮೊದಲನೆಯದು ಎರಡನೆಯದನ್ನು ಸೋಲಿಸಿದ ದಿನ ಇಡೀ ಸಾರದ ವಾದವನ್ನು ಒಪ್ಪಿಕೊಳ್ಳಲು ಅಡ್ಡಿಯಿಲ್ಲ.